ಒಂದು ಬೆಳೆಯ ಮಣ್ಣು

ನನ್ನ ಗಂಡ ಗುರುಮಲ್ಲಪ್ಪನವರು ಯಾರ ಮನೆಯ ಮದುವೆಗೆ ಹೋದರೂ ಅಕ್ಷತೆ ಹಾಕುವ ಮೊದಲು ಚಪ್ಪರದ ಹಿಂದಿನ ಹೊಲಕ್ಕೆ ಹೋಗುತ್ತಾರೆ. ಅಲ್ಲಿ ಒಂದು ಹಿಡಿ ಮಣ್ಣೆತ್ತಿ, ಹಿಸುಕಿ, ಮೂಸಿ, ಬೆರಳ ಸಂದಿಯಿಂದ ಉದುರಿಸಿ ನೋಡಿದರೇ ಅವರಿಗೆ ಸಮಾಧಾನ. ನಮ್ಮ ಮಗಳು ಚೈತ್ರಶ್ರೀಯ ಮದುವೆ ಶಿಕಾರಿಪುರದಲ್ಲಿ ಆದಾಗಲೂ ತಾಳಿ ಕಟ್ಟುವ ಹೊತ್ತಿಗೆ ಹೆಣ್ಣಿನ ತಂದೆಯೇ ಕಾಣದೆ ಬೀಗರು ಗಾಬರಿಯಾಗಿದ್ದರು. ನಾನು ಗಾಬರಿಯಾಗಲಿಲ್ಲ. ಮಂಟಪದ ಹಿಂದೆ ಇಳಿಜಾರಿನ ಹೊಲ ಇರುವುದನ್ನು ಬರುವಾಗಲೇ ನೋಡಿದ್ದೆ.

ಶುಂಠಿ ಬೆಳೆಯುವವರ ಹಣೆಬರಹವೇ ಅಷ್ಟು. ಒಮ್ಮೆ ಶುಂಠಿ ಬೆಳೆದ ನೆಲದಲ್ಲಿ ಮರುವರ್ಷ ಮತ್ತೆ ಶುಂಠಿ ಹಾಕಿದರೆ ಕೊಳೆ ರೋಗ ಬಂದು ಮಡಿಗೆ ಮಡಿಯೇ ಮಲಗುತ್ತದೆ. ಹಾಗಾಗಿ ವರ್ಷಾವರ್ಷ ಹೊಸ ಜಮೀನು ಹುಡುಕಬೇಕು, ಒಂದು ಬೆಳೆಯ ಮಟ್ಟಿಗೆ ಗುತ್ತಿಗೆ ಹಿಡಿಯಬೇಕು, ಅಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ಇರಬೇಕು. ಬೆಳೆ ಕಿತ್ತ ಮೇಲೆ ಶೆಡ್ಡನ್ನೂ ಕೀಳಬೇಕು. ಮದುವೆಯಾಗಿ ಬಂದಾಗಿನಿಂದ ನನ್ನ ಸಂಸಾರ ನಡೆದದ್ದು ಹೀಗೆ. ಹೊಸ ಶೆಡ್ಡಿಗೆ ಹೋದ ದಿನ ಮೂರು ಕಲ್ಲಿಟ್ಟು ಒಲೆ ಹೂಡಿ ಹಾಲು ಉಕ್ಕಿಸುತ್ತೇನೆ. ಸೊರಬ, ಹಾನಗಲ್ಲು, ಆಲೂರು, ಹೆಗ್ಗಡದೇವನಕೋಟೆ, ಎಲ್ಲೆಲ್ಲೂ ಉಕ್ಕಿಸಿದ್ದೇನೆ. ಹಾಲು ಉಕ್ಕಿಸಿದ ಒಲೆಯನ್ನು ವರ್ಷ ತುಂಬುವುದರೊಳಗೆ ಕೈಯಾರೆ ಕಿತ್ತು ಹೊರಡುವ ಗೃಹಿಣಿಯರು ನಮ್ಮ ಜನದಲ್ಲೇ ಇರಬೇಕು. ನಡುನಡುವೆ ಶಿರಾಳಕೊಪ್ಪದ ಬಾಡಿಗೆ ಮನೆ. ಅದರ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರನ್ನು ಕೇಳಬೇಕು.

ಆ ಶೆಡ್ಡುಗಳಲ್ಲೊಂದರ ಹತ್ತಿರ, ಚಂದ್ರಗುತ್ತಿ ಕಡೆಯ ಒಂದು ಹೊಲದಲ್ಲಿ, ನನ್ನ ಚೊಚ್ಚಲ ಮಗ ಮಣ್ಣಾಗಿದ್ದಾನೆ. ಹೆಸರು ವೀರೇಶ. ಅಂಬೆಗಾಲಿಡುತ್ತಿದ್ದ ಕೂಸು, ಮಳೆಗಾಲದ ಜ್ವರಕ್ಕೆ ಹೋಯಿತು. ನಮ್ಮವರು ಸತ್ತರೆ ಸ್ವಂತ ಹೊಲದಲ್ಲಿ ಹೂಳುವುದು ಪದ್ಧತಿ. ನನ್ನ ಅತ್ತೆ ಮಾವನ ಸಮಾಧಿ ನಮ್ಮೂರು ಕುಬಟೂರಿನ ಹೊಲದ ಬದುವಿನಲ್ಲೇ ಇದೆ, ಆ ಹೊಲ ಈಗ ಮೈದುನ ಸಿದ್ಧಲಿಂಗೇಶನ ಪಾಲು, ಅವನೇ ನೋಡಿಕೊಳ್ಳುತ್ತಾನೆ. ಕೂಸನ್ನೂ ಅಲ್ಲಿಗೇ ಒಯ್ಯಬೇಕಿತ್ತು. ಆದರೆ ಅವತ್ತು ಹಳ್ಳ ಉಕ್ಕಿ ದಾರಿಯ ಮೋರಿ ಕೊಚ್ಚಿಹೋಗಿತ್ತು. ಜಮೀನಿನವರು ದೊಡ್ಡ ಮನಸ್ಸಿನಿಂದ ಇಲ್ಲೇ ಆಗಲಿ ಎಂದರು, ಆಯಿತು. ಬೆಳೆ ಮುಗಿದ ಮೇಲೆ ನಾವು ಶೆಡ್ಡು ಕಿತ್ತು ಹೊರಟೆವು. ಆಮೇಲೆ ಆ ವಿಷಯವನ್ನು ನನ್ನ ಗಂಡನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಕೀಳಬೇಕಾಗಿಲ್ಲದ ಒಂದು ಮನೆ ಬೇಕು ಎಂದು ನಾನು ಹಠ ಹಿಡಿದದ್ದು ಆಗಿನಿಂದ.

ಮಣ್ಣು ನೋಡುವುದರಲ್ಲಿ ಗುರುಮಲ್ಲಪ್ಪನವರನ್ನು ಮೀರಿಸುವವರಿಲ್ಲ ಎಂದು ಜನ ಹೇಳುತ್ತಾರೆ. ನಾನೂ ಇಲ್ಲವೆನ್ನುವುದಿಲ್ಲ. ಆದರೆ ಅವರು ನೋಡುವುದು ಮೇಲಿನ ಒಂದಡಿ ಮಾತ್ರ. ಶುಂಠಿಗೆ ಅಷ್ಟೇ ಸಾಕು. ಅದರ ಕೆಳಗೆ ಬಂಗಾರವಿದ್ದರೂ ತನಗೇನು, ಬಂಡೆಯಿದ್ದರೂ ತನಗೇನು ಎನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ಶುಂಠಿಗೆ ಯಾರೂ ಕನಸಿನಲ್ಲೂ ಕಾಣದ ಬೆಲೆ ಬಂತು. ಆ ವರ್ಷ ನಮ್ಮ ಬೆಳೆಯೂ ಚೆನ್ನಾಗಿತ್ತು. ಈ ಸಲ ಮನೆ ಕಟ್ಟುವುದೇ ಸೈ ಎಂದು ಅವರೇ ಬಾಯಿಬಿಟ್ಟು ಹೇಳಿದರು. ನಾನು ನಂಬಿದೆ. ಶಿಕಾರಿಪುರದಲ್ಲಿ ಮಗಳ ಮನೆಯ ಹತ್ತಿರವೇ ಒಂದು ಜಾಗ ಇತ್ತು. ಹೋಗಿ ಮಣ್ಣು ಮೂಸಿದರು. ಕರಿಮಣ್ಣು, ನೀರು ನಿಲ್ಲುತ್ತದೆ, ಬೇಡ. ಸೊರಬದಲ್ಲಿ ಬಸ್‌ಸ್ಟ್ಯಾಂಡಿಗೆ ಹತ್ತಿರ ಒಂದು ಸೈಟು. ಗೇಣಿನ ಕೆಳಗೇ ಜಂಬಿಟ್ಟಿಗೆ ಕಲ್ಲು, ಬೇರು ಇಳಿಯುವುದಿಲ್ಲ, ಬೇಡ. ಶಿರಾಳಕೊಪ್ಪದಲ್ಲೇ ಒಂದು ಸಿಕ್ಕಿತು, ಎಲ್ಲ ಸರಿಯಾಗಿತ್ತು, ಆದರೆ ಅದು ಹಳೆಯ ಶುಂಠಿ ನೆಲವಂತೆ. ನನಗೆ ಪಿತ್ತ ನೆತ್ತಿಗೇರಿತು.

"ನಾವು ಇರೂದಕ್ಕ ಜಾಗ ನೋಡಾಕತ್ತೀವೋ, ನಮ್ಮನ್ನ ನಾಟಿ ಮಾಡೂದಕ್ಕೋ?" ಎಂದು ಕೇಳಿದೆ. ಅವರು ನಕ್ಕರು. ಹುಟ್ಟುಗುಣ ಸುಟ್ಟರೂ ಹೋಗದು.

ಹೀಗಿರುವಾಗ ಸಂತೆಯ ದಿನ ಚಂದ್ರಶೇಖರ ನಮ್ಮ ಮನೆಗೆ ಬಂದ. ಸೊರಬದವನು. ಕೃಷಿಯಲ್ಲಿ ಡಿಪ್ಲೊಮಾ ಮಾಡಿ, ಮೊದಲು ಆಫ್ರಿಕಾದ ಯಾವುದೋ ತೋಟದಲ್ಲಿದ್ದು, ಈಗ ಜಮೈಕಾದಲ್ಲಿ ಮೇಲ್ವಿಚಾರಕನಾಗಿದ್ದ, ರಜೆಗೆ ಊರಿಗೆ ಬಂದಿದ್ದ. ಜಮೈಕಾ ಎಂದರೆ ನನ್ನ ಗಂಡನಿಗೆ ಹಳೆಯ ಕಾಲದ ರೇಡಿಯೊ ಕ್ರಿಕೆಟ್ಟು. ನನಗೆ ಅದೂ ಇಲ್ಲ. ಚಂದ್ರಶೇಖರ ಫೋನಿನಲ್ಲಿ ನಕಾಶೆ ತೆಗೆದು ತೋರಿಸಿದ. ಸಮುದ್ರದ ನಡುವೆ ಒಂದು ಹಲ್ಲಿಯಷ್ಟು ದ್ವೀಪ. ಅಲ್ಲೂ ಶುಂಠಿ ಬೆಳೆಯುತ್ತಾರಂತೆ, ಇಂಗ್ಲಿಷರ ಕಾಲದಿಂದ ಹೆಸರಾದ ಶುಂಠಿಯಂತೆ. ಈಗ ಬೆಳೆಯುವವರು ಕಡಿಮೆಯಾಗಿದ್ದಾರಂತೆ, ಯಾಕೆಂದರೆ ಕೊಳೆ.

"ಅಲ್ಲೂ ಕೊಳಿ ಐತಾ?" ಎಂದು ಇವರು ಕೇಳಿದರು. ಐತೆ ಎಂದ. ಇವರ ಮುಖ ಅರಳಿತು. ನೆಂಟರೊಬ್ಬರು ಪರದೇಶದಲ್ಲಿ ಸಿಕ್ಕಷ್ಟು ಸಂತೋಷ ಪಟ್ಟರು.

ಚಂದ್ರಶೇಖರ ಎರಡು ಜಾಗ ಹೇಳಿದ. ಒಂದು ಮಾಂಟೆಗೊ ಬೇ ಎಂಬ ಊರಿನಲ್ಲಿ, ಸಮುದ್ರದ ದಂಡೆಗೆ ಕಟ್ಟುತ್ತಿರುವ ಫ್ಲ್ಯಾಟು. ಕೊಂಡರೆ ಪ್ರವಾಸಿಗಳಿಗೆ ಬಾಡಿಗೆ ಕೊಡಬಹುದು, ಕೂತಲ್ಲೇ ದುಡ್ಡು. ಇನ್ನೊಂದು ದ್ವೀಪದ ನಡುಮಧ್ಯದ ಗುಡ್ಡದಲ್ಲಿ, ಕ್ರಿಶ್ಚಿಯಾನ ಎಂಬ ಪೇಟೆಯ ಹತ್ತಿರ. ಮುದುಕಿಯೊಬ್ಬಳ ಜಮೀನು, ಜೊತೆಗೆ ಮನೆ. ಅವಳಿಗೆ ಕೈಲಾಗುವುದಿಲ್ಲ, ಮಕ್ಕಳಿಲ್ಲ, ನಂಬಿಕಸ್ತರು ಬಂದು ಇದ್ದರೆ ಬಿಟ್ಟುಕೊಡುತ್ತಾಳೆ. ಅಲ್ಲಿ ಇವನಿಗೂ ಪಾಲುದಾರಿಕೆ ಬೇಕಿತ್ತು, ಶುಂಠಿ ಬಲ್ಲವರು ಬೇಕಿತ್ತು. ತನ್ನ ಬುದ್ಧಿಗೆ ಫ್ಲ್ಯಾಟೇ ಲೇಸು, ಮನಸ್ಸಿಗೆ ಗುಡ್ಡವೇ ಲೇಸು ಎಂದ. ಹಾಗೆ ಎರಡೂ ಕಡೆ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ, ಆದರೆ ಹುಡುಗ ಒಳ್ಳೆಯವನು.

ಅವತ್ತಿನಿಂದ ನಮ್ಮ ಮನೆಯಲ್ಲಿ ಜಮೈಕಾ ಬಿಟ್ಟು ಬೇರೆ ಮಾತಿಲ್ಲ. ಮಗಳು ಶಿಕಾರಿಪುರದಿಂದ ಬಂದು, ಹೋಗುವುದೇನೂ ಬೇಡ, ದುಡ್ಡು ಹಾಕುವುದಾದರೆ ಫ್ಲ್ಯಾಟಿಗೆ ಹಾಕಿ ಎಂದಳು. ಮೈದುನ ಕುಬಟೂರಿನಿಂದ ಬಂದು, ಅಲ್ಲಿ ಬಿರುಗಾಳಿ ಬಂದರೆ ಮನೆಯ ಮಾಡೇ ಹಾರಿಹೋಗುತ್ತದಂತೆ ಎಂದ. ಇವರು ಇಬ್ಬರಿಗೂ ಹೂಂಗುಟ್ಟಿ, ಒಂದು ದಿನ ನನ್ನನ್ನು ಸ್ಟುಡಿಯೊಗೆ ಕರೆದುಕೊಂಡು ಹೋಗಿ ಫೋಟೊ ಹೊಡೆಸಿದರು. ಜೋಡಿ ಫೋಟೊ ಇರಬೇಕು ಎಂದು ನಾನು ಹೂ ಮುಡಿದುಕೊಂಡು ಹೋದರೆ, ಒಬ್ಬೊಬ್ಬರನ್ನೇ ಬಿಳಿ ಪರದೆಯ ಮುಂದೆ ಕೂರಿಸಿ ನಗಬೇಡಿ ಎಂದರು. ಅದು ಪಾಸ್‌ಪೋರ್ಟಿಗೆ ಎಂದು ನನಗೆ ತಿಳಿದದ್ದು ಆಮೇಲೆ. ರಾಜೇಶ್ವರಮ್ಮ ಎಂಬ ನನ್ನ ಹೆಸರು ಅಚ್ಚಾಗಿರುವ ಮೊದಲ ಪುಸ್ತಕ ಅದೇ.

ನಿಜ ಹೇಳಬೇಕೆಂದರೆ ನನಗೆ ದೂರದ ಹೆದರಿಕೆ ಇರಲಿಲ್ಲ. ಪ್ರತಿವರ್ಷ ಗಂಟುಮೂಟೆ ಕಟ್ಟಿದವಳಿಗೆ ಹೆಗ್ಗಡದೇವನಕೋಟೆ ಆದರೇನು, ಕಡಲಾಚೆ ಆದರೇನು. ನನಗಿದ್ದ ಹೆದರಿಕೆ ಒಂದೇ. ಇದ್ದಬದ್ದದ್ದೆಲ್ಲ ಸುರಿದು ಅಷ್ಟು ದೂರ ಹೋಗಿ, ಅಲ್ಲೂ ಒಂದು ಶೆಡ್ಡು ಹಾಕಿ, ಅದನ್ನೂ ಕಿತ್ತುಕೊಂಡು ಬರಬೇಕಾದರೆ? ಆಮೇಲೆ ಮನೆ ಕಟ್ಟಲು ದುಡ್ಡೂ ಇರುವುದಿಲ್ಲ, ರಟ್ಟೆಯಲ್ಲಿ ಕಸುವೂ ಇರುವುದಿಲ್ಲ. ಹಾಗಾಗಿ, ನಾನು ಜಾಗ ನೋಡದೆ ಒಂದು ರೂಪಾಯಿಯೂ ಕದಲಕೂಡದು ಎಂದು ಹೇಳಿಬಿಟ್ಟೆ. ಫೋನಿನಲ್ಲೇ ನೋಡಬಹುದು ಎಂದ ಚಂದ್ರಶೇಖರ.

ಮೊದಲು ಫ್ಲ್ಯಾಟು ನೋಡಿದೆವು. ನಮಗೆ ಸಂಜೆ, ಅವರಿಗೆ ಬೆಳಗು. ಟೈ ಕಟ್ಟಿದವನೊಬ್ಬ ನಡೆಯುತ್ತಾ ತೋರಿಸಿದ. ನೀಲಿ ನೀರು, ಬಿಳಿ ಗೋಡೆ, ಈಜುಕೊಳ, ಗಾಜಿನ ಬಾಗಿಲು. ನೋಡಲು ಚೆಂದವೇ. ಪಕ್ಕದ ಮನೆಯಲ್ಲಿ ಯಾರಿರುತ್ತಾರೆ ಕೇಳು ಎಂದು ಚಂದ್ರಶೇಖರನಿಗೆ ಹೇಳಿದೆ. ಯಾರೂ ಇರುವುದಿಲ್ಲವಂತೆ. ಎಲ್ಲ ಪ್ರವಾಸಿಗಳು, ಬರುತ್ತಾರೆ, ನಾಲ್ಕು ದಿನ ಇದ್ದು ಹೋಗುತ್ತಾರೆ, ಮತ್ತೆ ಬೇರೆಯವರು ಬರುತ್ತಾರೆ. ಅದಕ್ಕೇ ಲಾಭ ಎಂದು ಆ ಮನುಷ್ಯ ಹಲ್ಲು ತೋರಿಸಿದ.

"ಇದೂ ಶೆಡ್ಡೇ. ಟೈಲ್ಸ್ ಹಾಕ್ಯಾರ, ಅಷ್ಟ" ಎಂದೆ. ಅಲ್ಲಿ ಎಲ್ಲ ಕಾಂಕ್ರೀಟು, ಮೂಸಲು ಒಂದು ಹಿಡಿ ಮಣ್ಣಿರಲಿಲ್ಲ, ನನ್ನ ಗಂಡನಿಗೂ ಅದು ರುಚಿಸಿರಲಿಲ್ಲ.

ಗುಡ್ಡದ ಜಾಗ ನೋಡಿದ್ದು ಮರುದಿನ. ಮುದುಕಿಯ ಹೆಸರು ಮಿಸ್ ಐವಿ. ಅಲ್ಲಿ ಎಷ್ಟೇ ವಯಸ್ಸಾದ ಹೆಂಗಸನ್ನೂ ಮಿಸ್ ಎಂದೇ ಕರೆಯುತ್ತಾರಂತೆ. ಫೋನನ್ನು ಅವಳೇ ಹಿಡಿದುಕೊಂಡಿದ್ದಳು, ಹಿಡಿಯಲು ಬರುತ್ತಿರಲಿಲ್ಲ. ಒಮ್ಮೆ ಆಕಾಶ, ಒಮ್ಮೆ ಅವಳ ಗದ್ದ, ಒಮ್ಮೆ ಅವಳ ರಬ್ಬರ್ ಬೂಟು. ಮಂಜು ಮುಸುಕಿದ ಗುಡ್ಡ, ಕೆಂಪು ಮಣ್ಣು, ತಗಡಿನ ಮಾಡಿನ ಮನೆ, ಮಾಡಿನ ನೀರು ಹಿಡಿಯುವ ದೊಡ್ಡ ತೊಟ್ಟಿ. ಹಿಂದೆ ಬಿರುಗಾಳಿಗೆ ಮಾಡು ಹಾರಿತ್ತಂತೆ, ನೆರೆಯವರೇ ಬಂದು ಹೊಸ ತಗಡು ಹೊದಿಸಿದರಂತೆ. ನೆರೆಯವರು ಎಂಬ ಮಾತು ಕೇಳಿ ನಾನು ಸ್ವಲ್ಪ ಮುಂದೆ ಸರಿದು ಕೂತೆ. ಇವರು ಮಾತ್ರ ಇಳಿಜಾರು ಯಾವ ಕಡೆಗೆ, ನೀರು ಎಲ್ಲಿಗೆ ಹರಿಯುತ್ತದೆ, ಹೋದ ಸಲ ಏನು ಬೆಳೆದಿದ್ದರು ಎಂದು ಒಂದೇ ಸಮನೆ ಕೇಳಿಸುತ್ತಿದ್ದರು. ಮುದುಕಿ ಒಂದು ಹಿಡಿ ಮಣ್ಣೆತ್ತಿ ಫೋನಿನ ಮುಂದೆ ಹಿಡಿದಳು. ಇವರು ಫೋನಿನ ಹತ್ತಿರಕ್ಕೆ ಮೂಗು ಒಯ್ದದ್ದನ್ನು ನಾನು ಕಣ್ಣಾರೆ ಕಂಡೆ.

ಅವಳು ಮನೆಯ ಪಕ್ಕಕ್ಕೆ ತಿರುಗಿದಾಗ ಚಿತ್ರದ ಅಂಚಿನಲ್ಲಿ ಬೆಳ್ಳಗೆ ಏನೋ ಹಾದುಹೋಯಿತು. ಸುಣ್ಣ ಬಳಿದ ಕಟ್ಟೆಗಳು, ಸಾಲಾಗಿ. ಅದೇನು ಎಂದು ಕೇಳಿದೆ. ಚಂದ್ರಶೇಖರ ತಡವರಿಸಿದ. ಹಳೇ ಕಟ್ಟೆ ಅಕ್ಕಾ, ಎಂತದೂ ಅಲ್ಲ ಎಂದ. ಇನ್ನೊಮ್ಮೆ ತೋರಿಸಲು ಹೇಳು ಎಂದೆ. ಅವನು ತಲೆ ತಗ್ಗಿಸಿ ನಿಜ ಹೇಳಿದ.

"ಗೋರಿ ಅಕ್ಕಾ. ಅಲ್ಲಿಯ ಹಳೇ ಜನ ಮನೆ ಅಂಗಳದಾಗೇ ಹೂಳ್ತಾರೆ. ನಾವು ಸುಡೋ ಜನ, ನಂಗೇ ಮೊದಲು ಕಂಡಾಗ ಮೈ ಜುಂ ಅಂದಿತ್ತು. ಅದನ್ನ ತೋರಿಸಬ್ಯಾಡಿ ಅಂತ ನಾನೇ ಅವರಿಗೆ ಹೇಳಿದ್ದೆ. ಬ್ಯಾಡಂದ್ರೆ ಬಿಡಾಣ."

ನನ್ನ ಗಂಡ ಅವನ ಮುಖ ನೋಡಿ, ಇದರಲ್ಲಿ ಮುಚ್ಚಿಡುವುದೇನು, ನಮ್ಮಪ್ಪನೂ ಹೊಲದಲ್ಲೇ ಕೂತಿದ್ದಾನೆ ಎಂದರು. ನಮ್ಮಲ್ಲಿ ಹೆಣವನ್ನು ಕೂರಿಸಿ, ಕೈಯಲ್ಲಿ ಲಿಂಗ ಕೊಟ್ಟು ಹೂಳುತ್ತಾರೆ. ಹಾಗಾಗಿ ಹಿರಿಯರು ಹೊಲದಲ್ಲಿ ಮಲಗಿದ್ದಾರೆ ಎನ್ನುವುದಿಲ್ಲ, ಕೂತಿದ್ದಾರೆ ಎನ್ನುತ್ತೇವೆ. ಹಬ್ಬಕ್ಕೆ ಹೋಗಿ ಕಾಯಿ ಒಡೆದು ಎಡೆ ಇಟ್ಟು ಬರುತ್ತೇವೆ. ಹೊಲದಲ್ಲಿ ಹಿರಿಯರಿಲ್ಲದವರನ್ನು ಕಂಡರೆ ನಮಗೆ ಕನಿಕರ, ಇರುವವರನ್ನು ಕಂಡು ಹೆದರುವುದೆಲ್ಲಿ ಬಂತು.

ಮಿಸ್ ಐವಿಗೆ ಇದನ್ನು ಹೇಳಿಸಿದೆ. ಅವಳು ಬೂಟು ಎಳೆದುಕೊಂಡು ಕಟ್ಟೆಗಳ ಹತ್ತಿರ ಹೋಗಿ ಒಂದೊಂದನ್ನೇ ತೋರಿಸಿದಳು. ಇದು ಅಮ್ಮ. ಇದು ಗಂಡ. ಕೊನೆಯಲ್ಲಿ ಒಂದು ಚಿಕ್ಕ ಕಟ್ಟೆ, ಮೊರದಷ್ಟಗಲ. ಅದರ ಮೇಲೆ ಕೈಯಿಟ್ಟು ಏನೋ ಹೇಳಿದಳು. ಚಂದ್ರಶೇಖರ ಮೆಲ್ಲಗೆ ಕನ್ನಡಕ್ಕೆ ತಿರುಗಿಸಿ ಹೇಳಿದ, ಅವಳಿಗೆ ಇದ್ದದ್ದು ಅದೊಂದೇ ಗಂಡುಕೂಸು, ಮಾತು ಕಲಿಯುವ ಮೊದಲೇ ಹೋಯಿತಂತೆ. ಆ ಕಟ್ಟೆಯ ಸುತ್ತ ಹುಲ್ಲು ಬೆಳೆಯದ ಹಾಗೆ ನೋಡಿಕೊಳ್ಳುವವರು ಬೇಕು, ಅಷ್ಟೇ ಅವಳ ಷರತ್ತು. ಹಿಂದಿನ ಕೋಣೆಯಲ್ಲಿ ಅವಳಿರುತ್ತಾಳೆ, ಮನೆಯೂ ಜಮೀನೂ ಬಂದವರದು. ಹಿಂದೆ ಕೇಳಿಕೊಂಡು ಬಂದವರೆಲ್ಲ ಗೋರಿಗಳನ್ನು ಸಾಗಿಸಿ ಎಂದರಂತೆ, ಅವಳು ಬಾಗಿಲು ಹಾಕಿಕೊಂಡಳಂತೆ.

ಕಡಲಾಚೆಯ, ಬಣ್ಣ ಬೇರೆ ಮಾತು ಬೇರೆ ದೇವರು ಬೇರೆಯಾದ ಒಬ್ಬಳು, ನನಗಿಲ್ಲದ ಆ ಚಿಕ್ಕ ಕಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು, ಮರುಗಳಿಗೆಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಇಲ್ಲಿ ನಾನು ಇರಬಲ್ಲೆ ಎಂದು ಆ ಕ್ಷಣಕ್ಕೇ ತೀರ್ಮಾನಿಸಿದೆ.

ಅಷ್ಟರಲ್ಲಿ ಅವಳು ಒಂದು ಮಾತು ಕೇಳಿದಳು. ಎಷ್ಟು ಕಾಲ ಇರುತ್ತೀರಿ ಅಂತ ಕೇಳುತ್ತಾರೆ ಎಂದ ಚಂದ್ರಶೇಖರ.

ನನ್ನ ಗಂಡನ ಬಾಯಿಂದ ಸೀನು ಬಂದ ಹಾಗೆ ಬಂತು. "ಒಂದು ಬೆಳಿ. ಒಂದು ಬೆಳಿ ತಗದು ನೋಡಾನ."

ಜೀವಮಾನವಿಡೀ ಜಮೀನಿನವರ ಜಗಲಿಯ ಮೇಲೆ ಕೂತು ಹೇಳಿದ ಮಾತು ಅದು. ಬೇರೆ ಉತ್ತರ ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ಚಂದ್ರಶೇಖರನೂ ಯೋಚಿಸದೆ ತಿರುಗಿಸಿ ಹೇಳಿಬಿಟ್ಟ. ಮಿಸ್ ಐವಿಯ ಮುಖ ಬಾಡಿತು. ಒಂದು ಬೆಳೆ ತೆಗೆಯುವವರು ನಮ್ಮೂರಲ್ಲೇ ಬೇಕಾದಷ್ಟು ಇದ್ದಾರೆ, ಅದಕ್ಕೆ ನನ್ನ ಮನೆ ಕೊಡಬೇಕಾಗಿಲ್ಲ ಎಂದಳು. ಕೋಪವಿರಲಿಲ್ಲ, ಮರ್ಯಾದೆಯಾಗಿ ನಮಸ್ಕಾರ ಹೇಳಿ ಫೋನು ಇಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಚಂದ್ರಶೇಖರ ಎದ್ದು ಹೋದ ಮೇಲೆ ಇವರು, ಅದರಲ್ಲಿ ತಪ್ಪೇನಿದೆ, ಮೊದಲ ವರ್ಷ ನೋಡದೆ ಯಾರಾದರೂ ಮಾತು ಕೊಡುತ್ತಾರೆಯೇ ಎಂದು ಗೊಣಗಿದರು. ನಾನು ಲೋಟ ತೊಳೆಯುತ್ತಿದ್ದೆ. ಲೋಟವನ್ನು ಅಲ್ಲೇ ಬಿಟ್ಟು ಎದುರಿಗೆ ಬಂದು ನಿಂತೆ.

"ನನ್ನ ಮಗನ್ನ ಒಂದು ಬೆಳಿ ನೆಲದಾಗ ಇಟ್ಟು ಬಂದೀರಿ. ಬೆಳಿ ಕಿತ್ತಿರಿ, ಶೆಡ್ಡು ಕಿತ್ತಿರಿ, ಕೂಸನ್ನ ಅಲ್ಲೇ ಬಿಟ್ಟು ಲಾರಿ ಹತ್ತಿದ್ವಿ. ಅವ ಎಲ್ಲಿ ಅದಾನ ಅಂತ ನಂಗೊತ್ತಿಲ್ಲ. ಇನ್ನೊಂದು ಒಂದು ಬೆಳಿ ನೆಲಕ್ಕ ನಾ ಬರಂಗಿಲ್ಲ. ಜಮೈಕಾಕ್ಕೂ ಇಲ್ಲ, ಎಲ್ಲಿಗೂ ಇಲ್ಲ."

ಅಷ್ಟು ವರ್ಷ ಒಳಗಿಟ್ಟದ್ದು ಆ ಸಂಜೆ ಹೊರಗೆ ಬಂತು. ಅವರು ಊಟಕ್ಕೂ ಏಳಲಿಲ್ಲ. ನಾನೂ ಏಳಿಸಲಿಲ್ಲ.

ಬೆಳಗಾಗುತ್ತಲೇ ಕಾರು ತೆಗೆದರು. ಹತ್ತು ಎಂದರು, ಹತ್ತಿದೆ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಕಾರು ಸೊರಬ ದಾಟಿ ಚಂದ್ರಗುತ್ತಿಯ ದಾರಿ ಹಿಡಿದಾಗ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡೆ. ಆ ಊರಿಗೆ ನಾನು ಆಮೇಲೆ ಹೋಗಿರಲೇ ಇಲ್ಲ. ಮೋರಿ ಇದ್ದಲ್ಲಿ ಈಗ ಸೇತುವೆ ಇದೆ.

ಜಮೀನಿನ ಚೌಡಪ್ಪ ಇನ್ನೂ ಇದ್ದ. ಅವನಿಗೆ ನಮ್ಮ ಗುರುತು ಸಿಗಲು ಹೊತ್ತು ಹಿಡಿಯಿತು. ಸಿಕ್ಕಿದ ಮೇಲೆ ಅವನ ಮುಖವೂ ಸಣ್ಣದಾಯಿತು. ಹೊಲದ ಕಡೆಗೆ ಮುಂದೆ ನಡೆದ, ನಾವು ಹಿಂದೆ. ಹೊಲದಲ್ಲಿ ಈಗ ಅನಾನಸ್ ಹಾಕಿದ್ದರು. ಒಂದು ಕಾಲಕ್ಕೆ ಏರು ತಗ್ಗು ಇದ್ದ ನೆಲವೆಲ್ಲ ಜೆಸಿಬಿಯಿಂದ ಮಟ್ಟಸವಾಗಿತ್ತು. ಗುರುತಿಗಿದ್ದ ಮತ್ತಿಮರವೂ ಇರಲಿಲ್ಲ.

ನನ್ನ ಗಂಡ ಆ ಮುಳ್ಳೆಲೆಗಳ ಸಾಲಿನೊಳಗೆ ನುಗ್ಗಿದರು. ಇಲ್ಲಿ ಎಂದರು. ಮತ್ತೆ ತಲೆಯಾಡಿಸಿ, ಇಲ್ಲ, ಶೆಡ್ಡಿನ ಬಾಗಿಲು ಆ ಕಡೆ ಇತ್ತು, ಅಲ್ಲಿ ಎಂದು ಬೇರೆ ಕಡೆಗೆ ಹೋದರು. ಪಂಚೆಗೆ ಮುಳ್ಳು ಸಿಕ್ಕಿ ಹರಿಯಿತು. ಎಲ್ಲಿ ನಿಂತರೂ ಬಗ್ಗಿ ಮಣ್ಣು ತೆಗೆಯುತ್ತಿದ್ದರು, ಹಿಸುಕುತ್ತಿದ್ದರು, ಮೂಸುತ್ತಿದ್ದರು. ಯಾವ ಊರಿನ ಮಣ್ಣನ್ನಾದರೂ ಕಣ್ಣು ಮುಚ್ಚಿ ಹೇಳಬಲ್ಲ ಮನುಷ್ಯನಿಗೆ ಆ ಒಂದು ಹೊಲದ ಮಣ್ಣು ಏನನ್ನೂ ಹೇಳಲಿಲ್ಲ. ಕೊನೆಗೆ ಸಾಲಿನ ನಡುವೆಯೇ ಕುಕ್ಕರಿಸಿ ಕೂತುಬಿಟ್ಟರು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಹತ್ತಿರ ಹೋಗಿ ನಿಂತೆ.

"ಒಂದ್ಸಲ ಬಂದಿದ್ದೆ" ಎಂದರು. "ಇಲ್ಲಿಂದ ಹೋಗಿ ಮೂರ್ನಾಲ್ಕು ವರ್ಷಕ್ಕ. ಮರ ಇತ್ತು ಅವಾಗ. ನಿನ್ನ ಕರಕೊಂಡು ಬಂದ್ರ ನೀ ಇಲ್ಲಿಂದ ಏಳೂದಿಲ್ಲ ಅನ್ಕೊಂಡು ಹೇಳ್ಲಿಲ್ಲ. ಆಮೇಲ ಬರಾಕ ಮನಸ್ಸೇ ಆಗ್ಲಿಲ್ಲ. ನಾನೂ ಕಳಕೊಂಡೆ ಅವನ್ನ."

ಅವರು ಅತ್ತದ್ದನ್ನು ನಾನು ನೋಡಿದ್ದು ಆಗ. ಕೂಸು ಹೋದ ದಿನ ಅತ್ತಿರಲಿಲ್ಲ, ಅವತ್ತು ಗುದ್ದಲಿ ಹಿಡಿದವರು ಅವರೇ. ನಾನು ಅವರ ಪಕ್ಕಕ್ಕೆ ಕೂತು ತಲೆಯ ಮೇಲೆ ಕೈಯಿಟ್ಟೆ. ಚೌಡಪ್ಪ ದೂರ ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಮಜ್ಜಿಗೆ ತಂದು, ಎಲ್ಲಿ ಇದ್ದರೂ ಈ ಹೊಲದೊಳಗೇ ಇದ್ದಾನೆ ಎಂದ.

"ಭೂಮಿ ಹುಣ್ಣಿಮೆಗೆ ಚರಗ ಚೆಲ್ಲುವಾಗ ನಮ್ಮ ಗುಡ್ಡಮ್ಮ ಒಂದು ತುತ್ತು ಬ್ಯಾರೆ ಇಡ್ತಾಳೆ ಅಮ್ಮಾ. ಜಾಗ ಗೊತ್ತಿಲ್ಲ ಅಂತ ಹೊಲದ ನಡುಕ್ಕೆ ಇಡ್ತಾಳೆ."

ಬಸುರಿ ಭೂಮಿಗೆ ಉಣಿಸುವ ಆ ಹಬ್ಬದ ಎಡೆಯಲ್ಲಿ ನನ್ನ ಕೂಸಿಗೂ ಪಾಲಿತ್ತು ಎಂಬುದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಗುಡ್ಡಮ್ಮ ಎಂಬ, ನನಗೆ ಮುಖವೂ ನೆನಪಿಲ್ಲದ ಚೌಡಪ್ಪನ ಹೆಂಡತಿಯನ್ನು ಅವರ ಮನೆಯೊಳಗೆ ಹೋಗಿ ನೋಡಿದೆ. ಅವಳು ನನ್ನ ಕೈ ಹಿಡಿದುಕೊಂಡು, ಎಡೆ ಇಡುವುದನ್ನು ತನ್ನ ಸೊಸೆಗೂ ಹೇಳಿಕೊಟ್ಟಿದ್ದೇನೆ ಎಂದಳು. ಒಂದು ಭಾರ ಇಳಿಯಿತು. ಪೂರ್ತಿ ಇಳಿಯಿತು ಎಂದರೆ ಸುಳ್ಳಾದೀತು.

ವಾಪಸು ಬರುವಾಗ ಸೊರಬದಲ್ಲಿ ಇವರು ಕಾರು ನಿಲ್ಲಿಸಿದರು, ಚಂದ್ರಶೇಖರನ ಮನೆಯ ಮುಂದೆ. ಸಂಜೆಯ ಹೊತ್ತು. ಜಗಲಿಯ ಮೇಲೆ ಕೂತು, ಮಿಸ್ ಐವಿಗೆ ಇನ್ನೊಮ್ಮೆ ಫೋನು ಮಾಡು ಎಂದರು. ಅವನು ಮಾಡುತ್ತೇನೆ, ಆದರೆ ಎತ್ತುತ್ತಾರೋ ಇಲ್ಲವೋ ಎಂದ. ಎತ್ತಿದಳು. ಮೊದಲು ಗದ್ದ ಕಂಡಿತು, ಆಮೇಲೆ ಮುಖ. ಇವರ ಹರಿದ ಪಂಚೆ, ಕೈಯ ತುಂಬ ಅನಾನಸಿನ ಗೀರು ಕಂಡು ಏನಾಯಿತು ಎಂದು ಕೇಳಿದಳು.

ನಾನೇ ಹೇಳಿದೆ. ಕೂಸು, ಮಳೆ, ಮೋರಿ, ಬೆಳೆ, ಶೆಡ್ಡು, ಅನಾನಸು. ಚಂದ್ರಶೇಖರ ಒಂದೊಂದು ಮಾತನ್ನೂ ತಿರುಗಿಸಿದ. ನಡುವೆ ಒಂದು ಸಲ ಅವನೇ ಮೂಗು ಒರೆಸಿಕೊಂಡ. ಮಿಸ್ ಐವಿ ಎಲ್ಲ ಕೇಳಿ, ತನ್ನ ಮೊದಲಿನ ಪ್ರಶ್ನೆಯನ್ನೇ ಮತ್ತೆ ಕೇಳಿದಳು. ಅವಳೂ ಸುಲಭಕ್ಕೆ ಬಗ್ಗುವವಳಲ್ಲ, ಅದಕ್ಕೇ ನನಗೆ ಹಿಡಿಸಿದಳು. ಎಷ್ಟು ಕಾಲ?

ಇವರು ಫೋನನ್ನು ನನ್ನ ಕಡೆ ತಿರುಗಿಸಿ, ನೀನೇ ಹೇಳು ಎಂದರು.

"ಆ ಸಣ್ಣ ಕಟ್ಟಿ ಬಾಜೂಕ ಇನ್ನಿಬ್ಬರಿಗೆ ಜಾಗ ಐತೇನು ಅಂತ ಕೇಳು" ಎಂದೆ. "ನಮ್ಮಲ್ಲಿ ಕೂರಿಸಿ ಹೂಳ್ತಾರ. ಭಾಳ ಜಾಗ ಬೇಕಾಗಿಲ್ಲ ಅಂತ್ಹೇಳು."

ಚಂದ್ರಶೇಖರ ನನ್ನ ಮುಖ ನೋಡಿದ. ಹೇಳು ಎಂದೆ, ಹೇಳಿದ. ಮಿಸ್ ಐವಿಯ ಹೊಟ್ಟೆಯೊಳಗಿಂದ ಒಂದು ನಗು ಎದ್ದಿತು, ಫೋನು ಕುಲುಕಾಡಿತು, ನಮಗೆ ಆಕಾಶ ಕಂಡಿತು, ಬೂಟು ಕಂಡಿತು. ಅವಳು ನಡೆಯುತ್ತಿದ್ದಳು. ಚಿಕ್ಕ ಕಟ್ಟೆಯ ಹತ್ತಿರ ಹೋಗಿ, ಪಕ್ಕದ ನೆಲವನ್ನು ಫೋನಿಗೆ ತೋರಿಸಿ, ಬಗ್ಗಿ ಅಲ್ಲಿದ್ದ ಒಂದು ಹಿಡಿ ಹುಲ್ಲು ಕಿತ್ತು ಎಸೆದಳು. ಇಲ್ಲಿ ಎಂದಳು. ಅದನ್ನು ಯಾರೂ ತಿರುಗಿಸಿ ಹೇಳಬೇಕಾಗಿರಲಿಲ್ಲ.

ನಾನು ಕಣ್ಣೊರೆಸಿಕೊಂಡು ಇವರ ಕಡೆ ತಿರುಗಿದೆ. ಇವರು ಆ ಕೆಂಪು ನೆಲವನ್ನೇ ನೋಡುತ್ತಿದ್ದರು. ಇಳಿಜಾರು ಕೇಳುತ್ತಾರೆ, ನೀರು ಕೇಳುತ್ತಾರೆ ಎಂದುಕೊಂಡೆ. ಇನ್ನೇನೂ ಕೇಳದಿದ್ದರೆ ಸಾಕಪ್ಪ ಎಂದೂ ಅಂದುಕೊಂಡೆ.

"ಚಂದ್ರಶೇಖರ, ಅಲ್ಲಿ ಮಣ್ಣು ಎಷ್ಟು ಆಳ ಐತಿ ಅಂತ ಕೇಳು" ಎಂದರು.

ಅವರು ಒಂದಡಿಗಿಂತ ಕೆಳಗಿನ ಮಣ್ಣನ್ನು ಕೇಳಿದ್ದು ಅದೇ ಮೊದಲು.